ಫ್ಯೂಸು ಸುಟ್ಟಿತೇಕೆ?

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ, ಶಹಾಪುರಗಳ ಕಪ್ಪು ನೆಲದಲ್ಲಿ ಹತ್ತಿ ಚೆನ್ನಾಗಿ ಬೆಳೆಯುವುದು. ಹತ್ತಿ ಬಿಡಿಸುವ ಕಾಲದಲ್ಲಿ ಸರಕು ಹೊತ್ತ ಸಣ್ಣ ವಾಹನಗಳು ಭೀಮಾ ನದಿಯ ಸೇತುವೆಯನ್ನು ದಾಟಿ ಯಾದಗಿರಿಗೆ ಸಾಗುತ್ತವೆ. ಹತ್ತಾರು ವರ್ಷ ದುಡಿದ ಹಳೆಯ ಪಿಕಪ್ ವಾಹನಗಳೂ ಅವುಗಳಲ್ಲಿ ಉಂಟು.

ಅಂತಹ ವಾಹನವೊಂದು ಇರುಳಿನಲ್ಲಿ ಸುರಪುರದಿಂದ ಹೊರಟಿತೆಂದು ಭಾವಿಸೋಣ. ಶಹಾಪುರ ಸಮೀಪಿಸುತ್ತಿದ್ದಂತೆ ಮುಂಭಾಗದ ದೀಪಗಳೆರಡೂ ಒಮ್ಮೆಲೇ ಆರಿದವು. ಚಾಲಕನು ಹೊಸ ಫ್ಯೂಸು ಹಾಕಿದನು. ಕ್ಷಣಮಾತ್ರದಲ್ಲಿ ಅದೂ ಸುಟ್ಟಿತು. ಜೊತೆಗಿದ್ದ ಹುಡುಗನು ಅದರ ಸ್ಥಾನದಲ್ಲಿ ತಾಮ್ರದ ತಂತಿಯ ತುಂಡನ್ನು ಸಿಕ್ಕಿಸಹೋದನು. ಚಾಲಕನು ಅವನ ಕೈ ಹಿಡಿದು, “ಬ್ಯಾಡ ತಮ್ಮಾ. ಫ್ಯೂಸ್ ಕೆಟ್ಟಿಲ್ಲ, ತನ್ನ ಕೆಲಸ ಮಾಡ್ಯಾದ. ಹಿಂದ ಹತ್ತಿ ತುಂಬ್ಯಾದ, ನೆನಪಿಡು” ಎಂದನು. ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಿ ಇಬ್ಬರೂ ಬೆಳಗಿಗಾಗಿ ಕಾದರು.

ಚಾಲಕನ ಮಾತು ವಿಜ್ಞಾನಕ್ಕೆ ಸಮ್ಮತವಾದುದು. ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖ ಹುಟ್ಟುವುದು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುವುದೆಂಬ ನಿಯಮವನ್ನು ಜೇಮ್ಸ್ ಜೌಲ್ ಎಂಬ ಆಂಗ್ಲ ವಿಜ್ಞಾನಿ 1841ರಲ್ಲಿ ಪ್ರಕಟಿಸಿದನು. ಪ್ರವಾಹ ಮಿತಿಮೀರಿದಾಗ ಫ್ಯೂಸಿನ ತೆಳುವಾದ ಲೋಹವು ಮೊದಲು ಕರಗಿ ವಿದ್ಯುನ್ಮಂಡಲವನ್ನು ಕಡಿಯುತ್ತದೆ. 12 ವೋಲ್ಟಿನ ವಾಹನದಲ್ಲಿ 60 ವಾಟಿನ ಎರಡು ದೀಪಗಳಿಗೆ ಬೇಕಾದುದು 10 ಆಂಪಿಯರ್. ಅದಕ್ಕೆ 15 ಆಂಪಿಯರಿನ ಫ್ಯೂಸು ಸಾಕು. ಅಲ್ಲಿ ದಪ್ಪ ತಂತಿಯನ್ನು ಸಿಕ್ಕಿಸಿದರೆ ಪ್ರವಾಹಕ್ಕೆ ತಡೆಯೇ ಇರದು. ಆಗ ವಾಹನದೊಳಗಿನ ತಂತಿಗಳೇ ಕಾದು, ಅವುಗಳ ಹೊದಿಕೆ ಉರಿಯತೊಡಗುವುದು.

ಬೆಳಗಾದ ಮೇಲೆ ಶಹಾಪುರದ ಮೆಕ್ಯಾನಿಕ್ ಬಂದನು. ಅವನು ಮೊದಲು ರಿಲೇಯನ್ನು ಪರೀಕ್ಷಿಸಿದನು. ರಿಲೇ ಎಂಬುದು ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚು. ಅದರ 85 ಮತ್ತು 86 ಎಂಬ ತುದಿಗಳ ನಡುವೆ ಅಲ್ಪ ಪ್ರವಾಹ ಹರಿದಾಗ ಒಳಗಿನ ಸುರುಳಿ ಕಾಂತವಾಗಿ, 30 ಮತ್ತು 87 ಎಂಬ ತುದಿಗಳನ್ನು ಕೂಡಿಸುತ್ತದೆ. ದೀಪಗಳ ದೊಡ್ಡ ಪ್ರವಾಹವು ಈ ದಾರಿಯಲ್ಲಿ ಹರಿಯುತ್ತದೆ. ಸ್ವಿಚ್ಚು ಒತ್ತಿದಾಗ ರಿಲೇ ‘ಟಕ್’ ಎಂದಿತು. ಸುರುಳಿ ಸರಿಯಾಗಿದೆಯೆಂದು ಇದರಿಂದ ತಿಳಿಯಿತು.

ಅನಂತರ ಅವನು ದೀಪಗಳ ಬಲ್ಬುಗಳನ್ನು ಕಳಚಿ, ಫ್ಯೂಸಿನ ಸ್ಥಾನದಲ್ಲಿ ಒಂದು ಪರೀಕ್ಷಾ ದೀಪವನ್ನು ಜೋಡಿಸಿದನು. ಬಲ್ಬುಗಳಿಲ್ಲದಿದ್ದರೂ ಅದು ಬೆಳಗಿತು! ಪ್ರವಾಹ ಬೇರೆಲ್ಲಿಯೋ ದಾರಿ ಮಾಡಿಕೊಂಡಿತ್ತು. ತಂತಿಗಳ ಕಟ್ಟನ್ನು ಅಲ್ಲಲ್ಲಿ ಮೆಲ್ಲನೆ ಅಲುಗಿಸುತ್ತ ಹೋದಾಗ, ಒಂದೆಡೆ ಪರೀಕ್ಷಾ ದೀಪ ಆರಿತು. ಅಲ್ಲಿ ತಂತಿಯು ಕಬ್ಬಿಣದ ಅಂಚಿಗೆ ಉಜ್ಜಿ ಹೊದಿಕೆ ಸವೆದಿತ್ತು. ಬ್ಯಾಟರಿಯ ಋಣಾಗ್ರವನ್ನು ವಾಹನದ ಲೋಹದ ಮೈಗೆ ಜೋಡಿಸಿರುವುದರಿಂದ, ತಾಮ್ರವು ಆ ಅಂಚನ್ನು ಮುಟ್ಟಿದೊಡನೆ ಪ್ರವಾಹ ಅಡೆತಡೆಯಿಲ್ಲದೆ ನುಗ್ಗುತ್ತಿತ್ತು.

ಮೆಕ್ಯಾನಿಕ್ ಬ್ಯಾಟರಿಯನ್ನು ಕಳಚಿ, ಸವೆದ ಭಾಗಕ್ಕೆ ಹೊಸ ತಂತಿಯನ್ನು ಹಾಕಿ, ಅಂಚಿಗೆ ರಬ್ಬರನ್ನು ತೊಡಿಸಿದನು. ಬಳಿಕ ಬಲ್ಬುಗಳನ್ನೂ 15 ಆಂಪಿಯರಿನ ಫ್ಯೂಸನ್ನೂ ಹಾಕಿದಾಗ ದೀಪಗಳು ಬೆಳಗಿದವು. ಹುಡುಗನು ತನ್ನ ಜೇಬಿನಲ್ಲಿದ್ದ ತಾಮ್ರದ ತುಂಡನ್ನು ತೆಗೆದು ಎಸೆದನು.

ಫ್ಯೂಸು ಸುಡುವುದು ದೋಷವಲ್ಲ, ದೋಷದ ಸೂಚನೆ. ಸೂಚನೆಯನ್ನು ಅಡಗಿಸಿದವನಿಗೆ ಅಪಾಯ ತಪ್ಪದು. ಅದರ ಕಾರಣವನ್ನು ಅರಸಿದವನೇ ಸುರಕ್ಷಿತವಾಗಿ ಊರು ಸೇರುವನು.