ಊದಿದ್ರೆ ಎಳೆಯೋ ಪಂಪ್

ಪಂಪ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಮೋಟರ್. ಆದರೆ ಕೆಲವು ಗ್ಯಾಸ್ ಮಾನಿಟರ್‌ಗಳ ಪಂಪ್‌ನಲ್ಲಿ ಮೋಟರೂ ಇಲ್ಲ, ತಿರುಗುವ ಭಾಗವೂ ಇಲ್ಲ. ಕಂಪ್ರೆಸರ್ ಗಾಳಿ ಇದ್ರೆ ಸಾಕು. ಇದರ ಹೆಸರು ಎಜೆಕ್ಟರ್.

ಒತ್ತಡದ ಗಾಳಿ ಸಣ್ಣ ನಾಝಲ್‌ನಿಂದ ಜೋರಾಗಿ ಚಿಮ್ಮುತ್ತೆ. ಅಲ್ಲಿ ಒತ್ತಡ ಇಳಿಯುತ್ತೆ, ಆ ಜೆಟ್ ಸುತ್ತಲಿನ ಗಾಳಿಯನ್ನೂ ಎಳ್ಕೊಂಡು ಹೋಗುತ್ತೆ. ಪಕ್ಕದಲ್ಲಿ ಒಂದು ಟ್ಯೂಬ್ ಜೋಡಿಸಿದ್ರೆ ಅದರ ಆಚೆ ತುದಿಯಲ್ಲಿರುವ ಗ್ಯಾಸ್ ಒಳಗೆ ಬರುತ್ತೆ. ಮುಂದೆ ಅಗಲವಾಗುವ ಡಿಫ್ಯೂಸರ್‌ನಲ್ಲಿ ವೇಗ ಕಡಿಮೆಯಾಗಿ, ಒತ್ತಡ ಮತ್ತೆ ಏರಿ, ಎರಡೂ ಸೇರಿ ಹೊರಗೆ ಹೋಗುತ್ತವೆ. ಮನೆಯ ಗ್ಯಾಸ್ ಸ್ಟೌವ್ ಮಾಡೋದೂ ಇದನ್ನೇ: ಜೆಟ್‌ನಿಂದ ಬರುವ ಎಲ್‌ಪಿಜಿ ಪಕ್ಕದ ತೂತಿನಿಂದ ಗಾಳಿ ಎಳ್ಕೊಂಡು ಬರ್ನರ್‌ಗೆ ಹೋಗುತ್ತೆ.

ಮೋಟರ್ ಯಾಕೆ ಬೇಡ? ಗಾಳಿಯಲ್ಲಿ ಮೀಥೇನ್ ಸುಮಾರು ಶೇಕಡಾ 5 ದಾಟಿದ್ರೆ ಒಂದು ಕಿಡಿ ಸಾಕು. ಅಂಥ ಜಾಗಕ್ಕೆ ಸ್ಫೋಟ ತಡೆಯುವ ಕವಚದ ಮೋಟರ್ ಸಿಗುತ್ತೆ, ಆದರೆ ಭಾರ, ಬೆಲೆ ಎರಡೂ ಜಾಸ್ತಿ. ಎಜೆಕ್ಟರ್‌ಗೆ ಕರೆಂಟೇ ಬೇಡ. ಸವೆಯುವ ಡಯಾಫ್ರಾಮ್ ಕೂಡ ಇಲ್ಲ.

ನಾನು ಮೊದಲು ಬರೆದ ಡಯಾಗ್ರಾಂನಲ್ಲಿ ಎಜೆಕ್ಟರನ್ನು ಸೆನ್ಸರ್‌ಗಿಂತ ಮುಂಚೆ ಇಟ್ಟಿದ್ದೆ. ತಪ್ಪು! ಹಾಗೆ ಮಾಡಿದ್ರೆ ಕಂಪ್ರೆಸರ್ ಗಾಳಿ ಸ್ಯಾಂಪಲ್ ಜೊತೆ ಬೆರೆತು ರೀಡಿಂಗ್ ಕಡಿಮೆ ಬರುತ್ತೆ. ಸರಿಯಾದ ಸಾಲು: ಫಿಲ್ಟರ್, ಸೆನ್ಸರ್, ಫ್ಲೋಮೀಟರ್, ಕೊನೆಗೆ ಎಜೆಕ್ಟರ್. ಆಗ ಇಡೀ ಲೈನ್‌ನಲ್ಲಿ ಹೊರಗಿಗಿಂತ ಒತ್ತಡ ಕಡಿಮೆ ಇರುತ್ತೆ. ಹಾಗಾಗಿ ಸೆನ್ಸರ್‌ಗಿಂತ ಮುಂಚೆ ಯಾವುದಾದರೂ ಜಾಯಿಂಟ್ ಲೂಸ್ ಆಗಿದ್ರೆ ಗ್ಯಾಸ್ ಹೊರಗೆ ಸೋರಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಆಗಲೂ ರೀಡಿಂಗ್ ಸುಳ್ಳೇ.

ಈಗ ಒಂದು ಲೆಕ್ಕ. ಟ್ಯೂಬಿನ ಒಳವ್ಯಾಸ 4 ಮಿ.ಮೀ., ಉದ್ದ 30 ಮೀಟರ್ ಅಂದ್ಕೊಳ್ಳಿ. ಒಳಗಿನ ಗಾತ್ರ ಸುಮಾರು 0.38 ಲೀಟರ್. ಫ್ಲೋ ನಿಮಿಷಕ್ಕೆ 1 ಲೀಟರ್ ಇದ್ರೆ ಗ್ಯಾಸ್ ಸೆನ್ಸರ್ ತಲುಪೋಕೆ ಸುಮಾರು 23 ಸೆಕೆಂಡ್ ಬೇಕು. ಫಿಲ್ಟರ್ ಕಟ್ಟಿಕೊಂಡು ಫ್ಲೋ 0.25 ಲೀಟರ್‌ಗೆ ಇಳಿದ್ರೆ ಅದೇ ದಾರಿಗೆ ಒಂದೂವರೆ ನಿಮಿಷ! ಕಂಪ್ರೆಸರ್ ಗಾಳಿ ಪೂರ್ತಿ ನಿಂತ್ರೆ ಹೊಸ ಸ್ಯಾಂಪಲ್ ಬರೋದೇ ಇಲ್ಲ. ಸೆನ್ಸರ್ ಹತ್ತಿರ ಮೊದಲಿದ್ದ ಒಳ್ಳೆ ಗಾಳಿಯೇ ಉಳಿದು ಡಿಸ್‌ಪ್ಲೇ ಆರಾಮಾಗಿ 0 ತೋರಿಸುತ್ತೆ.

ಅಂದ್ರೆ 0ಗೆ ಎರಡು ಅರ್ಥ: ಗ್ಯಾಸ್ ಇಲ್ಲ, ಇಲ್ಲವೇ ಗ್ಯಾಸ್ ಸೆನ್ಸರ್‌ವರೆಗೆ ಬಂದೇ ಇಲ್ಲ. ಇವೆರಡನ್ನು ಬೇರೆ ಮಾಡಿ ತೋರಿಸೋದು ಆ ಚಿಕ್ಕ ಫ್ಲೋಮೀಟರ್. ಅದಕ್ಕೇ ಅಲ್ಲಿ ಲೋ-ಫ್ಲೋ ಅಲಾರಂ ಇಡ್ತಾರೆ. ಮುಂದೆ ಇಂಡಸ್ಟ್ರಿಯಲ್ಲಿ ಇಂಥ ಮಾನಿಟರ್ ಮುಂದೆ ನಿಂತಾಗ ನೆನಪಿರಲಿ: ಮೊದಲು ಫ್ಲೋ ನೋಡಿ, ಆಮೇಲೆ ಸೊನ್ನೆಯನ್ನು ನಂಬಿ.