ಬ್ಯಾಟರಿ ಹಾಳಾಗಿರಲಿಲ್ಲ, ಸೆಲ್‌ಗಳ ಹೊಂದಿಕೆ ತಪ್ಪಿತ್ತು

ಮನೆಯ ಸೋಲಾರ್ ದೀಪಗಳಿಗೆ ಹತ್ತು ವರ್ಷ ಟ್ಯೂಬುಲರ್ ಬ್ಯಾಟರಿ ಇಟ್ಟುಕೊಂಡಿದ್ದವನು ನಾನು. ಎರಡನೆಯ ಬ್ಯಾಟರಿಯೂ ಕೈಕೊಟ್ಟಾಗ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿಸಿದೆ. 3.2 ವೋಲ್ಟಿನ, 100 ಎಎಚ್‌ನ ನಾಲ್ಕು ಸೆಲ್‌ಗಳು. ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ಅವುಗಳ ಕಾವಲಿಗೆ ಬಿಎಂಎಸ್ ಎಂಬ ಸರ್ಕ್ಯೂಟ್. ಒಟ್ಟು ಇಪ್ಪತ್ತು ಸಾವಿರಕ್ಕೂ ಮೇಲೆ ಖರ್ಚು ಬಂತು.

ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಕಳೆದ ಮೇ ತಿಂಗಳಲ್ಲಿ ಶುರುವಾಯಿತು. ಬೆಳಗಿನವರೆಗೆ ಬರುತ್ತಿದ್ದ ದೀಪ, ಫ್ಯಾನು ರಾತ್ರಿ 3 ಗಂಟೆಗೇ ಬಂದ್. ಹಗಲು ಒಳ್ಳೆಯ ಬಿಸಿಲಿದ್ದರೂ ಮಧ್ಯಾಹ್ನಕ್ಕೆ ಮುಂಚೆಯೇ ಚಾರ್ಜಿಂಗ್ ನಿಂತುಬಿಡುತ್ತಿತ್ತು. ಇನ್ನು ಹದಿನೈದು ದಿನಕ್ಕೆ ಮಳೆಗಾಲ. ನಮ್ಮಲ್ಲಿ ಮರ ಬಿದ್ದು ಲೈನು ಹೋದರೆ ಮೂರು ದಿನ ಕರೆಂಟು ಇಲ್ಲ. ರಾತ್ರಿ ಎರಡು ಮೂರು ಸಲ ಏಳುವ, ಎಂಬತ್ತು ದಾಟಿದ ಅಮ್ಮ ಮನೆಯಲ್ಲಿದ್ದಾರೆ. ನನಗೆ ಚಿಂತೆ ಹತ್ತಿತು.

ಪೇಟೆಯಲ್ಲಿ ಕೇಳಿದಾಗ ಒಬ್ಬರು "ಸೆಲ್ ಹೋಗಿದೆ, ಹೊಸತು ಹಾಕಿ" ಎಂದರು. ಇನ್ನೊಬ್ಬರು "ಬಿಎಂಎಸ್‌ನದ್ದೇ ತಕರಾರು, ಅದನ್ನು ತೆಗೆದು ನೇರ ಕೊಡಿ" ಎಂದರು. ಎರಡನೆಯದು ಖರ್ಚಿಲ್ಲದ ದಾರಿ. ಮಾಡಿಯೇ ಬಿಡುವವನಿದ್ದೆ. ಭಾವ ತಡೆದರು.

"ಸೆಲ್ ಒಂದೊಂದನ್ನೇ ಅಳೆದು ನೋಡಿದ್ದೀರಾ ಭಾವಾ?"

"ನೋಡಿದ್ದೇನೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ. ನಾಲ್ಕೂ 3.3ರ ಹತ್ತಿರವೇ ಇತ್ತು."

"ಆ ಹೊತ್ತಿನಲ್ಲಿ ಅಳೆದರೆ ಗೊತ್ತಾಗುವುದಿಲ್ಲ. ಚಾರ್ಜಿಂಗ್ ನಿಲ್ಲುವ ಹೊತ್ತಿಗೆ ನೋಡಿ."

ಯಾವಾಗ ಅಳೆಯಬೇಕು?

ಈ ಸೆಲ್‌ನ ಗುಣವೇ ಹಾಗೆ. ಶೇ. 20ರಿಂದ ಶೇ. 90ರವರೆಗೆ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. ತುಂಬಿ ಬರುವಾಗ ಮಾತ್ರ ಥಟ್ಟನೆ 3.65ಕ್ಕೆ ಏರುತ್ತದೆ, ಖಾಲಿಯಾಗುವಾಗ ಥಟ್ಟನೆ 2.5ಕ್ಕೆ ಇಳಿಯುತ್ತದೆ. ಆದ್ದರಿಂದ ನಡುವೆ ಅಳೆದದ್ದು ಉಪಯೋಗಕ್ಕಿಲ್ಲ.

ಮರುದಿನ ಚಾರ್ಜಿಂಗ್ ನಿಲ್ಲುವ ಹೊತ್ತಿಗೆ ಅಳೆದೆ. ಒಂದು ಮತ್ತು ಎರಡನೆಯ ಸೆಲ್ 3.35. ಮೂರು ಮತ್ತು ನಾಲ್ಕನೆಯದು 3.65ಕ್ಕೆ ಮುಟ್ಟಿದ್ದವು. ರಾತ್ರಿ ದೀಪ ಆರುವ ಹೊತ್ತಿಗೆ ಎದ್ದು ನೋಡಿದೆ. ಈಗ ಒಂದು, ಎರಡು 2.5ರ ಹತ್ತಿರ, ಮೂರು, ನಾಲ್ಕು 3.2ರ ಮೇಲೆ ಆರಾಮವಾಗಿದ್ದವು.

ಇದನ್ನು ಹೀಗೆ ತಿಳಿಯಬೇಕು. ಮೊದಲು ತುಂಬುವುದೂ ಮೊದಲು ಖಾಲಿಯಾಗುವುದೂ ಒಂದೇ ಸೆಲ್ ಆದರೆ ಅದರ ಸಾಮರ್ಥ್ಯವೇ ಕುಗ್ಗಿದೆ, ಬದಲಿಸಬೇಕಾದೀತು. ಮೊದಲು ತುಂಬುವುದು ಒಂದು, ಮೊದಲು ಖಾಲಿಯಾಗುವುದು ಬೇರೊಂದು ಆದರೆ ಹೊಂದಿಕೆ ತಪ್ಪಿದೆ ಅಷ್ಟೆ. ನಮ್ಮದು ಎರಡನೆಯ ಜಾತಿ.

ನಾಲ್ಕು ಹಂಡೆಗಳ ಲೆಕ್ಕ

ನಾಲ್ಕು ಹಂಡೆ ಇವೆ ಎನ್ನಿ. ಪ್ರತಿ ಸಲ ಪ್ರತಿ ಹಂಡೆಗೂ ಒಂದೊಂದು ಚೊಂಬು ನೀರು ಹಾಕಬೇಕು, ತೆಗೆಯುವಾಗಲೂ ಎಲ್ಲದರಿಂದ ಒಂದೊಂದು ಚೊಂಬು. ಸಾಲು ಜೋಡಣೆ ಎಂದರೆ ಇಷ್ಟೇ. ಒಂದು ಹಂಡೆ ತುಂಬಿದ ಕೂಡಲೇ ಬಿಎಂಎಸ್ ಹಾಕುವುದನ್ನು ನಿಲ್ಲಿಸುತ್ತದೆ. ಒಂದು ಹಂಡೆ ಬರಿದಾದ ಕೂಡಲೇ ತೆಗೆಯುವುದನ್ನು ನಿಲ್ಲಿಸುತ್ತದೆ. ಎರಡು ಹಂಡೆ 40 ಚೊಂಬು ಹಿಂದೆ ಬಿದ್ದರೆ ನೂರರಲ್ಲಿ ನಮಗೆ ಸಿಗುವುದು 60 ಮಾತ್ರ.

ಹಿಂದೆ ಬಿದ್ದದ್ದು ಹೇಗೆ? ತಪ್ಪು ನನ್ನದೇ. ಕೊಟ್ಟಿಗೆಯಲ್ಲಿ ಹಳೆಯ 6 ವೋಲ್ಟಿನ 3 ವ್ಯಾಟ್ ಬಲ್ಬು ಇತ್ತು. ಎರಡು ಸೆಲ್ ಸೇರಿದರೆ 6.4 ವೋಲ್ಟ್ ಆಗುತ್ತದಲ್ಲ ಎಂದು ಏಪ್ರಿಲ್‌ನಲ್ಲಿ ಒಂದು, ಎರಡನೆಯ ಸೆಲ್‌ಗೆ ಮಾತ್ರ ಅದರ ವಯರು ಸಿಕ್ಕಿಸಿದ್ದೆ. ದಿನಕ್ಕೆ ಎರಡು ಗಂಟೆ ಉರಿದರೆ ಸುಮಾರು 1 ಎಎಚ್. ನಲ್ವತ್ತು ದಿನಕ್ಕೆ 40 ಎಎಚ್!

"ಬಿಎಂಎಸ್ ತಾನೇ ಸರಿದೂಗಿಸುವುದಿಲ್ಲವೇ?" ಎಂದು ಕೇಳಬಹುದು. ಸಾಮಾನ್ಯ ಬಿಎಂಎಸ್ ತುಂಬಿದ ಸೆಲ್‌ನ ಹೆಚ್ಚುವರಿಯನ್ನು ಸಣ್ಣ ರೆಸಿಸ್ಟರ್ ಮೂಲಕ ಸುಡುತ್ತದೆ. ಅದೂ ಸೆಲ್ ತುಂಬುವ ಹೊತ್ತಿಗೆ ಮಾತ್ರ. 50 ಮಿಲಿಆಂಪಿನಂತೆ ದಿನಕ್ಕೆ ಒಂದು ಗಂಟೆ ಕೆಲಸ ಮಾಡಿದರೆ 0.05 ಎಎಚ್. ನಾನು ಕದಿಯುತ್ತಿದ್ದದ್ದು ಅದರ ಇಪ್ಪತ್ತು ಪಾಲು.

ಇನ್ನು ಬಿಎಂಎಸ್ ತೆಗೆದಿದ್ದರೆ? ನನ್ನ ಚಾರ್ಜ್ ಕಂಟ್ರೋಲರ್ 14.4 ವೋಲ್ಟಿನವರೆಗೆ ಒತ್ತುತ್ತದೆ. ಒಂದು, ಎರಡು ಸೇರಿ 6.7 ಇರುವಾಗ ಉಳಿದ 7.7 ವೋಲ್ಟು ಇನ್ನೆರಡರ ಮೇಲೆ. ಅಂದರೆ ತಲಾ 3.85. ಸೆಲ್ ಉಬ್ಬಿ ಹಾಳಾಗಲು ಅಷ್ಟು ಸಾಕು. ಲೆಡ್ ಬ್ಯಾಟರಿಗೆ ಹೆಚ್ಚು ಚಾರ್ಜ್ ಕೊಟ್ಟರೆ ನೀರು ವಿಭಜನೆಯಾಗಿ ಹೈಡ್ರೋಜನ್, ಆಮ್ಲಜನಕ ಅನಿಲಗಳಾಗಿ ಹೋಗುತ್ತದೆ, ಅಷ್ಟರಲ್ಲಿ ಹಿಂದುಳಿದ ಸೆಲ್ ತುಂಬಿಕೊಳ್ಳುತ್ತದೆ. ಲಿಥಿಯಂನಲ್ಲಿ ಆ ಸೌಲಭ್ಯ ಇಲ್ಲ. ಹಳೆ ಅಭ್ಯಾಸ ಇಲ್ಲಿ ನಡೆಯದು.

ಸರಿಪಡಿಸಿದ ಬಗೆ

ಮೊದಲು ಕೊಟ್ಟಿಗೆಯ ವಯರು ಕಿತ್ತೆ. ಆಮೇಲೆ ಭಾವನ ಜೊತೆ ಕುಳಿತು ಮಾಡಿದ್ದು ಹೀಗೆ:

1. ಬಿಎಂಎಸ್ ತಾನೇ ನಿಲ್ಲಿಸುವವರೆಗೆ ಬಿಸಿಲಿನಲ್ಲಿ ಚಾರ್ಜ್ ಮಾಡಿದೆವು. ಪ್ಯಾನೆಲ್, ದೀಪ ಎಲ್ಲ ಕಳಚಿ ಒಂದು ರಾತ್ರಿ ಬಿಟ್ಟೆವು.

2. ಉಂಗುರ, ವಾಚು ತೆಗೆದಿಟ್ಟೆವು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪು ಸುತ್ತಿದೆವು. ಬಿಎಂಎಸ್‌ನ ತೆಳು ವಯರುಗಳ ಪಿನ್ನು ಕಳಚಿ, ಆಮೇಲೆ ತಾಮ್ರದ ಪಟ್ಟಿ ಬಿಚ್ಚಿದೆವು.

3. ಸೆಲ್‌ಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇಲ್ಲವೆಂದು ನೋಡಿಕೊಂಡು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟು ನಾಲ್ಕನ್ನೂ ಪ್ಯಾರಲಲ್ ಜೋಡಿಸಿದೆವು. ಇಲ್ಲಿ ಒಂದು ಸೆಲ್ ತಿರುಗಾಮುರುಗಾ ಆದರೂ ಕಿಡಿ ಹಾರಿ ಕೈ ಸುಡುತ್ತದೆ. ಇಬ್ಬರು ನೋಡಿ ಖಾತ್ರಿ ಮಾಡಿಕೊಳ್ಳಿ.

4. ವೋಲ್ಟು, ಆಂಪು ಎರಡನ್ನೂ ಹೊಂದಿಸಬಹುದಾದ 10 ಆಂಪಿನ ಡಿಸಿ ಪವರ್ ಸಪ್ಲೈ ಎರವಲು ತಂದೆವು. ಸೆಲ್‌ಗೆ ಕೊಡುವ ಮೊದಲೇ 3.60 ವೋಲ್ಟಿಗೆ ಇಟ್ಟು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿದೆವು. ಕೊಟ್ಟ ಮೇಲೆ ತಿರುಪು ಮುಟ್ಟಲಿಲ್ಲ.

5. ಕರೆಂಟು 10 ಆಂಪಿನಿಂದ 2 ಆಂಪಿಗಿಂತ ಕೆಳಗೆ ಇಳಿಯುವವರೆಗೆ ಬಿಟ್ಟೆವು. ಎರಡು ಹಗಲು ಹಿಡಿಯಿತು. ರಾತ್ರಿ ಕಳಚಿಟ್ಟೆವು, ಯಾರೂ ಇಲ್ಲದಾಗ ಚಾರ್ಜಿಗೆ ಹಾಕಿಡಲಿಲ್ಲ.

ಹಂಡೆಗಳ ಬುಡಕ್ಕೆ ಪೈಪು ಕೊಟ್ಟರೆ ನೀರು ತಾನೇ ಸಮ ಆಗುವುದಿಲ್ಲವೇ, ಚಾರ್ಜರ್ ಯಾಕೆ ಎಂದು ನನಗೂ ಅನಿಸಿತ್ತು. ಆದರೆ ನಡುವಿನ ಹಂತದಲ್ಲಿ ವೋಲ್ಟೇಜಿನ ಅಂತರವೇ ಇಲ್ಲದ್ದರಿಂದ ಹರಿವು ತೀರ ನಿಧಾನ. ಪೂರ್ತಿ ತುಂಬಿಸಿದರೆ ಮಾತ್ರ ಸಮ.

ಬಳಿಕ ಮತ್ತೆ ಸಾಲು ಜೋಡಿಸಿ, ಬಿಎಂಎಸ್ ಪಿನ್ನಿನಲ್ಲಿ ವೋಲ್ಟೇಜು ಕ್ರಮವಾಗಿ ಏರುತ್ತಿದೆಯೇ ಎಂದು ಅಳೆದು ಸಿಕ್ಕಿಸಿದೆವು. ಕಂಟ್ರೋಲರನ್ನು 14.2 ವೋಲ್ಟಿಗೆ, ಫ್ಲೋಟ್ 13.5ಕ್ಕೆ ಇಳಿಸಿ, ಲೆಡ್ ಬ್ಯಾಟರಿಗೆಂದು ಇರುವ ಈಕ್ವಲೈಸ್ ಬಂದ್ ಮಾಡಿದೆವು. ಮರುದಿನ ತುಂಬಿದಾಗ ನೋಡಿದರೆ ನಾಲ್ಕು ಸೆಲ್ 3.54ರಿಂದ 3.56ರ ಒಳಗೆ.

ಬಿಚ್ಚುವ ಧೈರ್ಯ ಇಲ್ಲದವರು 3.65 ವೋಲ್ಟಿನ ಒಂಟಿ ಸೆಲ್ ಚಾರ್ಜರಿನಿಂದ ಹಿಂದುಳಿದ ಸೆಲ್‌ಗಳನ್ನು ಒಂದೊಂದಾಗಿ ತುಂಬಿಸಬಹುದು. ಆಗಲೂ ಪ್ಯಾನೆಲ್ ಮತ್ತು ದೀಪ ಕಳಚಿರಬೇಕು.

ಈಗ

ಮಳೆಗಾಲ ಪೂರ್ತಿ ದೀಪ ಬೆಳಗಿನವರೆಗೆ ಉರಿಯಿತು. ಹೊಸ ಸೆಲ್‌ಗೆ ಒಂದು ರೂಪಾಯಿಯೂ ಹೋಗಲಿಲ್ಲ. ಕೊಟ್ಟಿಗೆಗೆ 12 ವೋಲ್ಟಿನ ಬಲ್ಬು ಬಂದಿದೆ, ನಾಲ್ಕೂ ಸೆಲ್‌ಗೆ ಸೇರಿಸಿ. ತಿಂಗಳಿಗೊಮ್ಮೆ ಬ್ಯಾಟರಿ ತುಂಬುವ ಹೊತ್ತಿಗೆ ನಾಲ್ಕೂ ಸೆಲ್ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ವ್ಯತ್ಯಾಸ 0.1 ದಾಟಿದರೆ ಕಾರಣ ಹುಡುಕಬೇಕೆಂದು ಲೆಕ್ಕ. ನಿಮ್ಮಲ್ಲಿಯೂ ಬ್ಯಾಟರಿ ಬೇಗ ನಿಲ್ಲುತ್ತಿದ್ದರೆ, ಅಂಗಡಿಗೆ ಹೋಗುವ ಮೊದಲು ಒಂದು ಹಗಲು ಒಂದು ರಾತ್ರಿ ಮೀಟರ್ ಹಿಡಿದು ಕುಳಿತು ನೋಡಿ.