ಹೈಬ್ರಿಡ್ ಭತ್ತಕ್ಕೆ ತಾಯಿಯಿಂದ ಬಂದದ್ದು

ಮಂಡ್ಯದ ಕಡೆಯ ರೈತರೊಬ್ಬರು ಗದ್ದೆಯ ಬದುವಿನ ಮೇಲೆ ನಿಂತು ಕೇಳಿದರು: "ಪೈರು ಚೆನ್ನಾಗೇ ಬಂತು ಸಾರ್. ತೆನೆನೂ ಬಂತು. ಆದ್ರೆ ಅಲ್ಲಲ್ಲಿ ತೆನೆ ಬಗ್ಗೋದೇ ಇಲ್ಲ, ನೆಟ್ಟಗೆ ನಿಂತ್ಬಿಟ್ಟವೆ. ಯಾಕೆ?"

ಹಿಂದಿನ ವರ್ಷ ಬೆಳೆದ ಕೆಆರ್‌ಎಚ್-2 ಹೈಬ್ರಿಡ್ ಭತ್ತದಲ್ಲೇ ಒಂದು ಮೂಟೆ ಎತ್ತಿಟ್ಟು, ಅದನ್ನೇ ಒಟ್ಲು ಬಿಟ್ಟಿದ್ದರು. ಕಾಳು ಕಟ್ಟಿದ್ದರೆ ತಾನೇ ತೆನೆ ಬಾಗುವುದು? ಹಿಸುಕಿ ನೋಡಿದರೆ ಬರೀ ಜಳ್ಳು. ಪಕ್ಕದ ಗುಣಿಯ ಪೈರಿಗೆ ಭರ್ತಿ ಕಾಳು, ಅದರಾಚೆಯದಕ್ಕೆ ಅರ್ಧ ಜಳ್ಳು. ಗೊಬ್ಬರ, ನೀರು, ರೋಗ ಯಾವುದರ ತಪ್ಪೂ ಅಲ್ಲ. ಇದರ ಕಾರಣ ಆ ಭತ್ತದ ತಾಯಿಯ ಕಡೆಯಿಂದ ಬಂದ ಒಂದು ಚಿಕ್ಕ ಡಿಎನ್‌ಎ ತುಣುಕಿನಲ್ಲಿದೆ.

ಗಿಡದ ಜೀವಕೋಶದಲ್ಲಿ ಡಿಎನ್‌ಎ ಮೂರು ಕಡೆ ಇರುತ್ತದೆ. ಬಹುಪಾಲು ಇರುವುದು ಕೋಶಕೇಂದ್ರದಲ್ಲಿ. ಅದು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಉಳಿದ ಎರಡು ಜಾಗಗಳೆಂದರೆ ಎಲೆಯಲ್ಲಿ ಬಿಸಿಲು ಹಿಡಿದು ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಮತ್ತು ಆ ಆಹಾರದಿಂದ ಶಕ್ತಿ ತೆಗೆಯುವ ಮೈಟೋಕಾಂಡ್ರಿಯ. ಇವುಗಳ ಡಿಎನ್‌ಎ ತೀರಾ ಸಣ್ಣದು. ಭತ್ತದ ಕೋಶಕೇಂದ್ರದಲ್ಲಿ ಸುಮಾರು 40 ಕೋಟಿ ಅಕ್ಷರಗಳಿದ್ದರೆ ಕ್ಲೋರೋಪ್ಲಾಸ್ಟಿನಲ್ಲಿ ಇರುವುದು 1 ಲಕ್ಷ 34 ಸಾವಿರದಷ್ಟು. ಹೆಚ್ಚಿನ ಬೆಳೆಗಳಲ್ಲಿ ಈ ಎರಡೂ ಬರುವುದು ತಾಯಿಯಿಂದ ಮಾತ್ರ. ಪರಾಗ ಇವನ್ನು ತರುವುದಿಲ್ಲ. ಇದಕ್ಕೆ ಹೊರತಾದ ಗಿಡಗಳೂ ಇವೆ. ಬಾಳೆಯಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯದು, ಮೈಟೋಕಾಂಡ್ರಿಯ ತಂದೆಯದು. ಪೈನ್ ಮರಗಳಲ್ಲಿ ಕ್ಲೋರೋಪ್ಲಾಸ್ಟೇ ತಂದೆಯಿಂದ ಬರುತ್ತದೆ.

ತಾಯಿಯಿಂದ ಮಾತ್ರ ಬರುವ ಈ ಬಗೆಯನ್ನು ಮೊದಲು ತೋರಿಸಿಕೊಟ್ಟದ್ದು ನಮ್ಮ ಅಂಗಳದಲ್ಲೂ ಬೆಳೆಯುವ ಸಂಜೆಮಲ್ಲಿಗೆ. ಅದರಲ್ಲಿ ಎಲೆ ಬಿಳಿ-ಹಸಿರು ಮಚ್ಚೆಯಾಗಿರುವ ತಳಿಯೊಂದಿದೆ. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೂರ್ತಿ ಬಿಳಿಯಾದ ರೆಂಬೆಯ ಹೂವಿಗೆ ಯಾವ ಗಿಡದ ಪರಾಗ ಹಾಕಿದರೂ ಮೊಳಕೆ ಬಿಳಿಯೇ ಬಂತು; ಹಸಿರು ರೆಂಬೆಯ ಬೀಜದಿಂದ ಹಸಿರೇ ಬಂತು. ತಂದೆ ಯಾರೆಂಬುದು ಲೆಕ್ಕಕ್ಕೇ ಬರಲಿಲ್ಲ.

ಈಗ ಭತ್ತಕ್ಕೆ ಬರೋಣ. ಭತ್ತದ ಹೂವಿನಲ್ಲಿ ಗಂಡು ಹೆಣ್ಣು ಒಟ್ಟಿಗೇ ಇದ್ದು ತನ್ನನ್ನು ತಾನೇ ಫಲಿಸಿಕೊಳ್ಳುತ್ತದೆ. ಎರಡು ತಳಿ ಕೂಡಿದ ಹೈಬ್ರಿಡ್ ಬೀಜವನ್ನು ಟನ್ನುಗಟ್ಟಲೆ ಬೆಳೆಯಬೇಕಾದರೆ ಒಂದು ತಳಿಯ ಪರಾಗ ಕೆಲಸ ಮಾಡಬಾರದು. ಅಂಥ ಗಿಡ 1970ರ ನವೆಂಬರಿನಲ್ಲಿ ಚೀನಾದ ಹೈನಾನ್ ದ್ವೀಪದ ಕಾಡುಭತ್ತದ ನಡುವೆ ಸಿಕ್ಕಿತು. ಯುವಾನ್ ಲಾಂಗ್‌ಪಿಂಗ್ ಅವರ ತಂಡ ಅದನ್ನು ಬೆಳೆಸಿ, 1976ರ ಹೊತ್ತಿಗೆ ಹೈಬ್ರಿಡ್ ಭತ್ತವನ್ನು ರೈತರ ಗದ್ದೆಗೆ ತಂದಿತು. ಆ ಗಿಡದ ಮೈಟೋಕಾಂಡ್ರಿಯ ಡಿಎನ್‌ಎ ಒಂದು ಕಡೆ ಅದಲುಬದಲಾಗಿ ಹೊಸ ಜೀನ್ ಹುಟ್ಟಿಕೊಂಡಿದೆ. ಪರಾಗಕ್ಕೆ ಉಣಿಸುವ ಪದರವನ್ನು ಅದು ಹೊತ್ತಿಗೆ ಮುಂಚೆಯೇ ಸಾಯಿಸುತ್ತದೆ. ಹೆಣ್ಣಿನ ಭಾಗಕ್ಕೆ ಏನೂ ಆಗುವುದಿಲ್ಲ. ಇದೇ ಗಂಡು ಬಂಜೆತನ. ನಮ್ಮ ದೇಶದ ಹೈಬ್ರಿಡ್ ಭತ್ತಗಳಲ್ಲಿ ಬಹುಪಾಲಿಗೆ ಇದೇ ತಾಯಿಬಳಿ.

ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2ರ ತಾಯಿ ಐಆರ್ 58025ಎ, ತಂದೆ ಕೆಎಂಆರ್-3. ತಾಯಿ ಗಂಡು ಬಂಜೆ. ತಂದೆಯ ಕೋಶಕೇಂದ್ರದಲ್ಲಿ ಆ ಬಂಜೆತನವನ್ನು ಅಡಗಿಸುವ ಜೀನ್‌ಗಳಿವೆ. ಹಾಗಾಗಿ ಮೊದಲ ಪೀಳಿಗೆಯ ಪ್ರತಿ ಪೈರಿಗೂ ತಾಯಿಯ ಬಂಜೆತನ, ತಂದೆಯ ಮದ್ದು ಎರಡೂ ಸಿಕ್ಕಿ ಕಾಳು ಭರ್ತಿಯಾಗುತ್ತದೆ. ಅದೇ ಕಾಳನ್ನು ಬಿತ್ತಿದರೆ ಬಂಜೆತನ ಎಲ್ಲ ಪೈರಿಗೂ ಹೋಗುತ್ತದೆ, ಏಕೆಂದರೆ ಅದು ತಾಯಿಬಳಿಯದು. ಮದ್ದು ಮಾತ್ರ ಕೆಲವಕ್ಕೆ ಹೋಗುತ್ತದೆ, ಕೆಲವಕ್ಕೆ ಹೋಗುವುದಿಲ್ಲ. ನೆಟ್ಟಗೆ ನಿಂತಿದ್ದ ತೆನೆಗಳು ಮದ್ದು ಸಿಗದವು. ಬೀಜ ಎತ್ತಿಟ್ಟುಕೊಳ್ಳುವ ಮನಸ್ಸಿದ್ದವರು ಜಯ, ಐಆರ್-64, ತನು, ಜ್ಯೋತಿಯಂಥ ತಳಿಗಳಲ್ಲಿ ಎತ್ತಿಡಿ, ಹೈಬ್ರಿಡ್ಡಿನಲ್ಲಿ ಬೇಡ. ಈಗಾಗಲೇ ಎತ್ತಿಟ್ಟಿದ್ದರೆ ಮಿಲ್ಲಿಗೆ ಹಾಕಿಸಿ ಊಟಕ್ಕೆ ಬಳಸಿ.

ಹೈಬ್ರಿಡ್ ಬೀಜೋತ್ಪಾದನೆ ಮಾಡುವವರು ಇದನ್ನು ಇನ್ನೂ ಚೆನ್ನಾಗಿ ತಿಳಿದಿರಬೇಕು. ಹೆಣ್ಣು ಸಾಲಿನ ತೆನೆ ಪೂರ್ತಿ ಹೊರಬರದೆ ಗರಿಯ ಒರೆಯಲ್ಲೇ ಅರ್ಧ ಸಿಕ್ಕಿಕೊಳ್ಳುವುದೂ ಇದೇ ತಾಯಿಬಳಿಯ ಗುಣ. ಜಿಬ್ಬರಲಿಕ್ ಆಮ್ಲ ಸಿಂಪಡಿಸಲು ಹೇಳುವುದು ಇದಕ್ಕಾಗಿಯೇ. ಎರಡು ಗಂಡು ಸಾಲಿಗೆ ಎಂಟು ಹೆಣ್ಣು ಸಾಲು ಹಾಕಿ, ಹೂ ಅರಳುವ ಹೊತ್ತಿನಲ್ಲಿ ಹಗ್ಗ ಎಳೆದೋ ಕೋಲಿನಿಂದ ಅಲುಗಿಸಿಯೋ ಪರಾಗ ದಾಟಿಸುವುದು ನಿಮಗೆ ಗೊತ್ತೇ ಇದೆ. ಆದರೆ ಬೀಜ ಕೆಡುವುದು ಹೆಚ್ಚಾಗಿ ಹೆಣ್ಣು ಸಾಲಿನೊಳಗೆ ಸೇರಿಕೊಂಡ ಬೆರಕೆ ಪೈರಿನಿಂದ. ತಾಯಿ ತಳಿಯನ್ನು ಉಳಿಸಿ ಬೆಳೆಸಲು ಬಳಸುವ ಬಿ ತಳಿಯು ನೋಡಲು ತಾಯಿಯಂತೆಯೇ ಇರುತ್ತದೆ. ಎತ್ತರ, ಎಲೆ, ಕಾಳು ಎಲ್ಲ ಒಂದೇ. ಬೇರೆಯಿರುವುದು ತಾಯಿಬಳಿ ಮಾತ್ರ. ಗುರುತು ಹೀಗೆ: ಬಿ ಪೈರು ಎರಡು ಮೂರು ದಿನ ಮೊದಲೇ ಹೂ ಬಿಡುತ್ತದೆ, ತೆನೆ ಪೂರ್ತಿ ಹೊರಗಿರುತ್ತದೆ, ಪರಾಗಕೋಶ ಹಳದಿಯಾಗಿ ಉಬ್ಬಿರುತ್ತದೆ. ನಿಜವಾದ ಹೆಣ್ಣಿನದು ಬಿಳಿಚಿ ಸುಕ್ಕಾಗಿರುತ್ತದೆ. ಬೆಳಿಗ್ಗೆ ಹೂ ಅರಳುವ ಮುಂಚೆ ಗದ್ದೆಗಿಳಿದು ಹಳದಿ ಕಂಡದ್ದನ್ನು ಬುಡಸಮೇತ ಕಿತ್ತು ಹೊರಗೆ ಹಾಕಿ. ಈ ಕೆಲಸವನ್ನು ಕೂಲಿಯವರಿಗೆ ಬಿಟ್ಟು ಮನೆಯಲ್ಲಿ ಕೂರಬೇಡಿ. ನೀವೇ ಸಾಲು ಸಾಲು ನಡೆಯಿರಿ.

ಗಂಡು ಬಂಜೆ ತಾಯಿಯನ್ನೇ ಬಳಸುವ ಜೋಳದ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಇನ್ನೊಂದು ಅಪಾಯವಿದೆ. ಗಂಡು ಸಾಲು ತಡವಾಗಿ ಹೂ ಬಿಟ್ಟರೆ ಹೆಣ್ಣು ತೆನೆ ಪರಾಗಕ್ಕಾಗಿ ಬಾಯ್ತೆರೆದು ಕಾಯುತ್ತಿರುತ್ತದೆ. ಆಗ ಜೇನಿನಂಥ ಅಂಟುರಸ ಒಸರಿಸುವ ಎರ್ಗಾಟ್ ಶಿಲೀಂಧ್ರ ಪರಾಗಕ್ಕಿಂತ ಮೊದಲು ಒಳಹೊಗುತ್ತದೆ. ಗಂಡು ಹೆಣ್ಣು ಒಟ್ಟಿಗೆ ಹೂ ಬಿಡುವಂತೆ ಬಿತ್ತನೆ ದಿನ ಹೊಂದಿಸುವುದೇ ಇದಕ್ಕೆ ಮೊದಲ ಔಷಧ.

ತಾಯಿಬಳಿ ಒಂದೇ ಆದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮೆಕ್ಕೆಜೋಳ ತೋರಿಸಿದೆ. 1970ರಲ್ಲಿ ಅಲ್ಲಿನ ಮೆಕ್ಕೆಜೋಳದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಟೆಕ್ಸಸ್ ಎಂಬ ಒಂದೇ ತಾಯಿಬಳಿಯದಾಗಿತ್ತು. ಗಂಡು ಬಂಜೆತನ ಕೊಡುತ್ತಿದ್ದ ಮೈಟೋಕಾಂಡ್ರಿಯ ಪ್ರೋಟೀನೇ ಎಲೆ ಅಂಗಮಾರಿ ಶಿಲೀಂಧ್ರದ ವಿಷಕ್ಕೆ ಬಾಗಿಲಾಯಿತು. ಆ ವರ್ಷ ದೇಶದ ಫಸಲಿನ ಸುಮಾರು ಶೇ. 15 ಹಾಳಾಯಿತು. ಫಿಲಿಪೀನ್ಸಿನ ವಿಜ್ಞಾನಿಗಳು 1961ರಲ್ಲೇ ಈ ತಾಯಿಬಳಿಗೆ ರೋಗ ಹೆಚ್ಚು ತಗುಲುವುದನ್ನು ಬರೆದಿದ್ದರು. ಆ ಎಚ್ಚರಿಕೆಯನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳದೆ ಒಂಬತ್ತು ವರ್ಷ ಕಳೆದದ್ದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಹೈಬ್ರಿಡ್ಡಿನ ಹೆಸರು ಬೇರೆ ಬೇರೆ ಇದ್ದರೂ ತಾಯಿಬಳಿ ಒಂದೇ ಇರಬಹುದು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಇಡೀ ಜಮೀನಿಗೆ ಒಂದೇ ಹೈಬ್ರಿಡ್ ಹಾಕುವ ಬದಲು ಒಂದಿಷ್ಟು ಜಾಗದಲ್ಲಿ ಶುದ್ಧ ತಳಿಯೂ ಇರಲಿ.

ಮೈಟೋಕಾಂಡ್ರಿಯದ ಬದಲಾವಣೆ ಬೆಳೆಯಲ್ಲಿ ಕಾಡಿದರೆ, ಕ್ಲೋರೋಪ್ಲಾಸ್ಟಿನ ಬದಲಾವಣೆ ಕಾಡುವುದು ಕಳೆಯಲ್ಲಿ. ಮೆಕ್ಕೆಜೋಳಕ್ಕೆ ವರ್ಷವರ್ಷವೂ ಅಟ್ರಾಜಿನ್ ಒಂದನ್ನೇ ಸಿಂಪಡಿಸುತ್ತ ಹೋದರೆ ಸಾಯದ ಕಳೆಗಳು ಉಳಿದುಕೊಳ್ಳುತ್ತವೆ. ಹಲವು ಕಳೆಗಳಲ್ಲಿ ಇದಕ್ಕೆ ಕಾರಣ ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುವುದು. ಎಲ್ಲ ಕಳೆಗಳಲ್ಲೂ ಹೀಗೆ ಅಲ್ಲ. ಕೆಲವದರಲ್ಲಿ ಕೋಶಕೇಂದ್ರದ ಜೀನ್‌ಗಳೂ ಔಷಧ ತಡೆದುಕೊಳ್ಳುತ್ತವೆ. ಆದರೆ ಕ್ಲೋರೋಪ್ಲಾಸ್ಟಿನದಾದರೆ ಆ ಗುಣ ಗಾಳಿಯಲ್ಲಿ ಪರಾಗವಾಗಿ ಹಾರಿ ಪಕ್ಕದ ಹೊಲಕ್ಕೆ ಹೋಗದು. ತಾಯಿಗಿಡದ ಬೀಜ ಉದುರಿದಲ್ಲಿಗೆ, ಇಲ್ಲವೇ ಬೀಜ ಬೆರೆತ ಗೊಬ್ಬರ, ನೀರು, ಯಂತ್ರದ ಜೊತೆ ಹೋದಲ್ಲಿಗೆ ಮಾತ್ರ ಹೋಗುತ್ತದೆ. ಔಷಧ ಹೊಡೆದ ಮೇಲೂ ಹಸಿರಾಗಿ ನಿಂತ ಕಳೆಯನ್ನು ಹೂ ಬಿಟ್ಟು ಬೀಜ ಕಟ್ಟುವ ಮುಂಚೆ ಕೈಯಿಂದ ಕಿತ್ತು ಹಾಕಿ. ಮುಂದಿನ ವರ್ಷ ಬೇರೆ ಬಗೆಯ ಕಳೆನಾಶಕ ಬಳಸಿ, ನಡುವೆ ಒಂದು ಎಡೆಕುಂಟೆ ಹೊಡೆಯಿರಿ. ಬೇರೆಯವರ ಹೊಲದಿಂದ ಬಂದ ಒಕ್ಕಣೆ ಯಂತ್ರವನ್ನು ನಿಮ್ಮ ಕಣಕ್ಕೆ ಬಿಡುವ ಮೊದಲು ಗುಡಿಸಿ, ಕೊಡವಿ.